ನೇರಳೆ ಬಿಡದ ಬ್ಯಾಕ್ಟೀರಿಯಾ, ಬಿಟ್ಟ ಬ್ಯಾಕ್ಟೀರಿಯಾ

1884ರ ಸುಮಾರಿಗೆ ಬರ್ಲಿನ್ನಿನ ಆಸ್ಪತ್ರೆಯೊಂದರ ಶವಾಗಾರದಲ್ಲಿ ಡೆನ್ಮಾರ್ಕಿನ ತರುಣ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ತುಣುಕುಗಳಿಗೆ ಬಣ್ಣ ಹಾಕುತ್ತಿದ್ದರು. ಅಂಗಾಂಶದ ಬಣ್ಣ ಹೋಗಬೇಕು, ಬ್ಯಾಕ್ಟೀರಿಯಾ ಮಾತ್ರ ಎದ್ದು ಕಾಣಬೇಕು ಎಂಬುದು ಅವರ ಉದ್ದೇಶ. ನೇರಳೆ ಬಣ್ಣ ಹಾಕಿ, ಮೇಲೆ ಅಯೋಡಿನ್ ಹನಿಸಿ, ಆಲ್ಕೊಹಾಲ್‌ನಲ್ಲಿ ತೊಳೆದರು. ಹಲವು ಬ್ಯಾಕ್ಟೀರಿಯಾ ನೇರಳೆಯಾಗಿಯೇ ಉಳಿದವು. ಟೈಫಾಯ್ಡಿನವು ಅಂಗಾಂಶದ ಜೊತೆಗೇ ಬಣ್ಣ ಬಿಟ್ಟವು. ತಮ್ಮ ವಿಧಾನ ಇನ್ನೂ ಅಪೂರ್ಣ ಎಂದು ಗ್ರಾಂ ಪ್ರಬಂಧದಲ್ಲೇ ಬರೆದರು. ಬಣ್ಣ ಬಿಟ್ಟವು, ಬಿಡದವು ಎಂಬ ಆ ವ್ಯತ್ಯಾಸದಿಂದಲೇ ಇಂದಿಗೂ ಬ್ಯಾಕ್ಟೀರಿಯಾದ ಗುರುತು ಹಿಡಿಯುವ ಕೆಲಸ ಶುರುವಾಗುತ್ತದೆ.

ಗುಟ್ಟಿರುವುದು ಕೋಶಭಿತ್ತಿಯಲ್ಲಿ. ಸಕ್ಕರೆ ಮತ್ತು ಅಮೈನೋ ಆಮ್ಲಗಳಿಂದ ಬಲೆಯಂತೆ ಹೆಣೆದ ಪೆಪ್ಟಿಡೊಗ್ಲೈಕನ್ ಕೆಲವು ಬ್ಯಾಕ್ಟೀರಿಯಾಗಳಲ್ಲಿ 20ರಿಂದ 80 ನ್ಯಾನೊಮೀಟರ್ ದಪ್ಪವಿರುತ್ತದೆ. ಆಲ್ಕೊಹಾಲ್ ತಗುಲಿದರೆ ಅದು ನೀರಾರಿ ಬಿಗಿಯಾಗುತ್ತದೆ. ಅಯೋಡಿನ್ ಜೊತೆ ಕೂಡಿ ದೊಡ್ಡದಾದ ಬಣ್ಣದ ಕಣ ಒಳಗೇ ಸಿಕ್ಕಿಬೀಳುತ್ತದೆ. ಇವು ಗ್ರಾಂ ಪಾಸಿಟಿವ್. ಗ್ರಾಂ ನೆಗೆಟಿವ್‌ಗಳಲ್ಲಿ ಈ ಪದರ ತೆಳು, ಅದರ ಹೊರಗೆ ಕೊಬ್ಬಿನಂಶದ ಇನ್ನೊಂದು ಪೊರೆ. ಆಲ್ಕೊಹಾಲ್‌ಗೆ ಆ ಪೊರೆ ಕದಡಿ ನೇರಳೆ ಹರಿದುಹೋಗುತ್ತದೆ, ಕೊನೆಗೆ ಹಾಕುವ ಸ್ಯಾಫ್ರನಿನ್‌ನಿಂದ ಅವು ಗುಲಾಬಿಯಾಗುತ್ತವೆ. ತೊಳೆಯುವ ಹಂತ ಬಹಳ ನಾಜೂಕು. ಹೆಚ್ಚು ತೊಳೆದರೆ ಪಾಸಿಟಿವ್ ಕೂಡ ಗುಲಾಬಿಯಾಗಿ ಕಂಡು ವರದಿಯೇ ದಾರಿ ತಪ್ಪುತ್ತದೆ.

ಆ ಹೊರಪೊರೆ ಔಷಧಿಗೂ ಅಡ್ಡ ನಿಲ್ಲುತ್ತದೆ. ವ್ಯಾಂಕೊಮೈಸಿನ್ ಅಣು ಅದನ್ನು ದಾಟಲಾರದಷ್ಟು ದೊಡ್ಡದು. ಅದಕ್ಕೇ ರಕ್ತದ ಕಲ್ಚರ್‌ನಲ್ಲಿ ಗುಲಾಬಿ ಕಡ್ಡಿಗಳು ಕಂಡರೆ ಲ್ಯಾಬಿನವರು ಹೆಸರು ಗೊತ್ತಾಗುವ ತನಕ ಕಾಯದೆ ವೈದ್ಯರಿಗೆ ಫೋನ್ ಮಾಡುತ್ತಾರೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಹೇಳುವ ಪರೀಕ್ಷೆ ವೈದ್ಯಕೀಯದಲ್ಲಿ ಅಪರೂಪ.

ಹೆಸರಿನ ಹುಡುಕಾಟ ಆಮೇಲಿನದು. ನೇರಳೆ ಗುಂಡುಗಳು ಗೊಂಚಲಾಗಿದ್ದರೆ ಸ್ಟೆಫಿಲೊಕಾಕಸ್ ಎಂಬ ಅನುಮಾನ, ಸರಪಳಿಯಾಗಿದ್ದರೆ ಸ್ಟ್ರೆಪ್ಟೊಕಾಕಸ್. ಹೈಡ್ರೋಜನ್ ಪೆರಾಕ್ಸೈಡ್ ಹನಿ ಬಿದ್ದರೆ ಮೊದಲನೆಯದು ಗುಳ್ಳೆಯೇಳಿಸುತ್ತದೆ, ಎರಡನೆಯದರಲ್ಲಿ ಗುಳ್ಳೆಯಿಲ್ಲ. ಮೂತ್ರದ ಮಾದರಿಯನ್ನು ಮೆಕಾಂಕಿ ಅಗಾರ್ ಮೇಲೆ ಎಳೆದಿಟ್ಟರೆ ಲ್ಯಾಕ್ಟೋಸ್ ತಿನ್ನುವ ಈ. ಕೋಲಿ ಮರುದಿನಕ್ಕೆ ಗುಲಾಬಿ ಕಾಲೊನಿಗಳಾಗಿ ಬೆಳೆದಿರುತ್ತದೆ. ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಲ್ಯಾಕ್ಟೋಸ್ ಮುಟ್ಟುವುದಿಲ್ಲ, ಅದರ ಕಾಲೊನಿಗೆ ಬಣ್ಣವಿಲ್ಲ.

ಕ್ಷಯದ ಬ್ಯಾಕ್ಟೀರಿಯಾ ಈ ಯಾವ ದಾರಿಗೂ ಬರುವುದಿಲ್ಲ. ಮೈಕೋಲಿಕ್ ಆಮ್ಲದ ಮೇಣದಂಥ ಪದರದಿಂದಾಗಿ ಗ್ರಾಂ ಬಣ್ಣ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಝೀಲ್-ನೀಲ್ಸನ್ ವಿಧಾನದಲ್ಲಿ ಕೆಂಪು ಬಣ್ಣವನ್ನು ಬಿಸಿ ಮಾಡಿಯೇ ಒಳಹೊಗಿಸಬೇಕು. ಹೊಕ್ಕ ಮೇಲೆ ಆಮ್ಲದಲ್ಲಿ ತೊಳೆದರೂ ಅದು ಹೋಗದು, ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳು ಕಾಣುತ್ತವೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ರೂಪಿಸಿದ, 1962ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ಈ ಕಫ ಪರೀಕ್ಷೆಯನ್ನು ಸಾಮಾನ್ಯ ಆಸ್ಪತ್ರೆಗಳಿಗೆ ಮುಟ್ಟಿಸಿತು.

ಆದರೆ ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರ ಬ್ಯಾಕ್ಟೀರಿಯಾಗಳಾದರೂ ಇಲ್ಲದಿದ್ದರೆ ಸ್ಲೈಡಿನಲ್ಲಿ ಕಣ್ಣಿಗೆ ಬೀಳುವುದು ಕಷ್ಟ. ಕಲ್ಚರ್‌ಗೆ ವಾರಗಟ್ಟಲೆ ಬೇಕು: ಈ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಸಿದರೆ ಕ್ಷಯದ್ದಕ್ಕೆ 15ರಿಂದ 20 ಗಂಟೆ. ಈಗಿನ ಸಿಬಿನ್ಯಾಟ್ ಯಂತ್ರ ಎರಡು ಗಂಟೆಯೊಳಗೆ ಅದರ ಡಿಎನ್‌ಎ ಪತ್ತೆ ಮಾಡಿ, ರಿಫಾಂಪಿಸಿನ್ ಮಾತ್ರೆ ನಾಟುತ್ತದೆಯೇ ಎಂಬುದನ್ನೂ ತಿಳಿಸುತ್ತದೆ. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯೂ ಅದಕ್ಕೆ ಸಿಗುವುದರಿಂದ, ಚಿಕಿತ್ಸೆ ಫಲಿಸುತ್ತಿದೆಯೇ ಎಂದು ನೋಡಲು ಮಾತ್ರ ಕಫದ ಸ್ಲೈಡೂ ಕಲ್ಚರೂ ಈಗಲೂ ಬೇಕು.