ಗುರುತಿಲ್ಲದ ಸೊಪ್ಪು ಪಾತ್ರೆಗೆ ಬೇಡ

ಆಟಿ ತಿಂಗಳು ಹಿಂದೆ ನಮ್ಮ ಕಾಸರಗೋಡು, ಮಂಜೇಶ್ವರ ಭಾಗದ ಬಡ ಮನೆಗಳಿಗೆ ಕಷ್ಟದ ಕಾಲ. ಬಿಡದ ಮಳೆ, ಕೂಲಿ ಕೆಲಸವಿಲ್ಲ, ಅಕ್ಕಿ ಮುಗಿಯುತ್ತಾ ಬಂದಿರುತ್ತಿತ್ತು. ಆಗ ಮನೆಮಂದಿಯನ್ನು ಸಾಕಿದ್ದು ಗುಡ್ಡ, ಹಿತ್ತಿಲು ಮತ್ತು ತೋಡಿನ ಬದಿ. ತಜಂಕಿನ ಎಳೆ ಚಿಗುರಿನ ಪಲ್ಯ, ಕೆಸುವಿನೆಲೆಯ ಪತ್ರೊಡೆ, ತಿಮರೆ ಅಂದರೆ ಒಂದೆಲಗದ ಚಟ್ನಿ, ಕಣಿಲೆಯ ಗಸಿ ಇವೆಲ್ಲ ದುಡ್ಡು ಕೊಡದೆ ಸಿಕ್ಕ ಊಟ.

ಇಂದು ಇವು ಆಟಿ ಕೂಟಗಳ ಬಾಳೆಲೆಯ ಮೇಲೆ ಮತ್ತೆ ಬಂದಿರುವುದು ಸಂತೋಷ. ಆದರೆ ರುಚಿ ಉಳಿದು ಗುರುತು ಮರೆತರೆ ಅಪಾಯವಿದೆ. ಕೆಸುವಿನ ತುರಿಕೆಗೆ ಹುಳಿ ಬೇಕೆಂದೂ, ಕಣಿಲೆಯನ್ನು ಹೆಚ್ಚಿ ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಹಾಕಿ ಚೆನ್ನಾಗಿ ಬೇಯಿಸಬೇಕೆಂದೂ ನಮ್ಮ ಅಜ್ಜಿಯಂದಿರಿಗೆ ತಿಳಿದಿತ್ತು. ಹಸಿ ಕಣಿಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ ಎಂದು ವಿಜ್ಞಾನ ಹೇಳುತ್ತದೆ.

ಪವಿತ್ರ ಬೈಬಲಿನಲ್ಲೂ ಇಂಥದೊಂದು ಪ್ರಸಂಗವಿದೆ (2 ಅರಸುಗಳು, ಅಧ್ಯಾಯ 4). ಬರಗಾಲದಲ್ಲಿ ಪ್ರವಾದಿ ಎಲೀಷನ ಬಳಿ ಇದ್ದವನೊಬ್ಬ ಸೊಪ್ಪು ತರಲು ಹೋಗಿ, ಏನೆಂದು ತಿಳಿಯದ ಕಾಡುಬಳ್ಳಿಯ ಕಾಯಿಗಳನ್ನು ಕೊಯ್ದು ತಂದು ಪಾತ್ರೆಗೆ ಹೆಚ್ಚಿ ಹಾಕಿದ. ಬಾಯಿಗಿಟ್ಟವರು ವಿಷವೆಂದು ಕೂಗಿಕೊಂಡರು. ಅವನ ಉದ್ದೇಶ ಒಳ್ಳೆಯದೇ, ಗುರುತು ಮಾತ್ರ ಇರಲಿಲ್ಲ.

ನಮ್ಮಲ್ಲಿ ಈ ಎಚ್ಚರ ಹೆಚ್ಚು ಬೇಕಾದದ್ದು ಆಟಿ ಅಮಾವಾಸ್ಯೆಯ ಹಾಲೆ ಮರದ ಕಷಾಯಕ್ಕೆ. ನೆರೆಯ ಹಿಂದೂ ಬಾಂಧವರಂತೆ ನಮ್ಮ ಕೆಲವು ಮನೆಗಳಲ್ಲೂ ಇದನ್ನು ಕುಡಿಯುತ್ತಾರೆ. ತೊಗಟೆಯನ್ನು ಬೆಳಕು ಹರಿಯುವ ಮುನ್ನ ಕಲ್ಲಿನಿಂದ ಜಜ್ಜಿ ತರುವುದು ವಾಡಿಕೆ. ಕತ್ತಲೆಯಲ್ಲಿ ಮರ ತಪ್ಪಿ ಕಾಸರಕದ ತೊಗಟೆ ತಂದರೆ ಪ್ರಾಣಕ್ಕೇ ಕುತ್ತು. ಅದರಲ್ಲಿ ಸ್ಟ್ರಿಕ್ನಿನ್ ಎಂಬ ಘೋರ ವಿಷವಿದೆ. ಹಾಲೆಯ ಎಲೆಗಳು ಗೆಣ್ಣಿನ ಸುತ್ತ ಛತ್ರಿಯಂತೆ, ಸಾಮಾನ್ಯವಾಗಿ ಏಳರಷ್ಟು ಇರುತ್ತವೆ. ಗಾಯ ಮಾಡಿದರೆ ಬಿಳಿ ಹಾಲು ಬರುತ್ತದೆ. ಕಾಸರಕದ ಎಲೆಗಳು ಎದುರುಬದುರಾಗಿ ಜೋಡಿಜೋಡಿ, ಹಾಲು ಬರುವುದಿಲ್ಲ. ಆದ್ದರಿಂದ ಹಿಂದಿನ ದಿನ ಹಗಲಿನಲ್ಲೇ, ಬಲ್ಲ ಹಿರಿಯರ ಜತೆ ಹೋಗಿ ಮರಕ್ಕೆ ಬಳ್ಳಿ ಕಟ್ಟಿ ಬರೋಣ. ಮಕ್ಕಳಿಗೂ ಗರ್ಭಿಣಿಯರಿಗೂ ಈ ಕಷಾಯ ಬೇಡ. ಕುಡಿದವರಿಗೆ ಮೈ ಸೆಟೆದರೆ, ನಡುಕ ಬಂದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ತೊಗಟೆಯ ತುಂಡೂ ಜತೆಗಿರಲಿ.

ಕೃಷಿಕರಿಗೆ ಇನ್ನೊಂದು ಮಾತು. ಕೊಳೆರೋಗಕ್ಕೆ ಅಡಿಕೆಗೆ ತುತ್ತು-ಸುಣ್ಣದ ಮದ್ದು ಬಿಡುವುದೂ ಇದೇ ಮಳೆಗಾಲದಲ್ಲಿ. ಮದ್ದು ಬಿದ್ದ ತೋಟದಡಿಯ ತಿಮರೆ, ಕೆಸುಗಳನ್ನು ಕೊಯ್ಯಬೇಡಿ. ಕೊಯ್ಯುವಲ್ಲಿಯೂ ಚಿಗುರು ಚಿವುಟಿ, ಬೇರು ಉಳಿಸಿ.

ಔಷಧಗಳನ್ನು ಭೂಮಿಯಿಂದ ಸೃಷ್ಟಿಸಿದವನು ದೇವರೇ ಎಂದು ಸಿರಾಖನ ಗ್ರಂಥದ 38ನೇ ಅಧ್ಯಾಯ ಬೋಧಿಸುತ್ತದೆ. ವೈದ್ಯನನ್ನು ಗೌರವಿಸಬೇಕೆಂದೂ ಅದೇ ಅಧ್ಯಾಯ ಹೇಳುತ್ತದೆ. ಎರಡನ್ನೂ ಪಾಲಿಸೋಣ. ರಜೆಯ ದಿನ ಮಕ್ಕಳನ್ನು ಅಜ್ಜ-ಅಜ್ಜಿಯರ ಜತೆ ಗುಡ್ಡಕ್ಕೆ ಕಳುಹಿಸಿ. ಒಂದು ಸಲಕ್ಕೆ ಒಂದೇ ಗಿಡ ಕಲಿತರೂ ಸಾಕು.