ವಿಚ್ಛೇದನ ಇತ್ಯರ್ಥದ ಬಾಕಿ ವಸೂಲಿ

ವಿಚ್ಛೇದನ ಇತ್ಯರ್ಥದ ಬಾಕಿ ವಸೂಲಿ ಎಂದರೆ, ವಿವಾಹ ವಿಚ್ಛೇದನದ ಸಂದರ್ಭದಲ್ಲಿ ನ್ಯಾಯಾಲಯವು ವಿಧಿಸಿದ ಅಥವಾ ದಂಪತಿಗಳು ರಾಜಿಯಲ್ಲಿ ಒಪ್ಪಿಕೊಂಡ ಜೀವನಾಂಶ, ಇಡಿಗಂಟಿನ ಮೊತ್ತ, ಸ್ತ್ರೀಧನ ಇಲ್ಲವೆ ಆಸ್ತಿಯನ್ನು ಮಾಜಿ ಸಂಗಾತಿಯು ಸಕಾಲಕ್ಕೆ ಕೊಡದೆ ಮುಂದೂಡಿದಾಗ ಅದನ್ನು ಪಡೆಯಲು ಇರುವ ಕಾನೂನು ಕ್ರಮ. ಭಾರತದಲ್ಲಿ ಡಿಕ್ರಿ ದೊರೆತ ಮಾತ್ರಕ್ಕೆ ಹಣ ತಾನಾಗಿ ಕೈಸೇರುವುದಿಲ್ಲ. ಡಿಕ್ರಿಯನ್ನು ಜಾರಿಗೊಳಿಸುವಂತೆ ಕೋರಿ ಪ್ರತ್ಯೇಕ ಅರ್ಜಿ ಸಲ್ಲಿಸಬೇಕಾಗುತ್ತದೆ. ಇದನ್ನು ಕರ್ನಾಟಕದ ನ್ಯಾಯಾಲಯಗಳಲ್ಲಿ ಅಮಲ್ಜಾರಿ ಅರ್ಜಿ ಎಂದು ಕರೆಯುತ್ತಾರೆ. ಹಣ ಪಡೆಯಬೇಕಾದವರು ಡಿಕ್ರಿದಾರರು. ಕೊಡಬೇಕಾದವರು ತೀರ್ಪಿನ ಋಣಿ.

ಹಿನ್ನೆಲೆ

ಗೋವಾ ರಾಜ್ಯದಲ್ಲಿ ಪೋರ್ಚುಗೀಸ್ ಕಾಲದ ನಾಗರಿಕ ಸಂಹಿತೆಯ ಪ್ರಕಾರ ದಂಪತಿಗಳ ಆಸ್ತಿಯು ಸಾಮಾನ್ಯವಾಗಿ ಇಬ್ಬರಿಗೂ ಸೇರಿದ್ದು. ಕರ್ನಾಟಕದಲ್ಲಿ ಅಂತಹ ನಿಯಮವಿಲ್ಲ. ಮದುವೆಯಾದ ಕಾರಣಕ್ಕೆ ಗಂಡನ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿಗೆ ಪಾಲು ಹುಟ್ಟುವುದಿಲ್ಲ. ಆದ್ದರಿಂದ ವಿಚ್ಛೇದಿತೆಯ ಆರ್ಥಿಕ ಭದ್ರತೆಯು ಬಹುಮಟ್ಟಿಗೆ ಜೀವನಾಂಶ, ಸ್ತ್ರೀಧನ ಮತ್ತು ರಾಜಿಯ ಮೊತ್ತಗಳನ್ನೇ ಅವಲಂಬಿಸಿದೆ. ಅವುಗಳ ಪಾವತಿ ತಡವಾದರೆ ಮನೆ ಬಾಡಿಗೆ, ಮಕ್ಕಳ ಶಾಲಾ ಶುಲ್ಕ, ಔಷಧೋಪಚಾರಗಳಿಗೆ ನೇರವಾಗಿ ತೊಂದರೆಯಾಗುತ್ತದೆ.

ಹಕ್ಕಿನ ಮೂಲಗಳು

ಹಿಂದೂ ವಿವಾಹ ಕಾಯ್ದೆ, 1955ರ 24ನೆಯ ಕಲಮು ಮಧ್ಯಂತರ ಜೀವನಾಂಶಕ್ಕೂ 25ನೆಯ ಕಲಮು ಶಾಶ್ವತ ಜೀವನಾಂಶಕ್ಕೂ ಅವಕಾಶ ನೀಡುತ್ತವೆ. ಇವೆರಡನ್ನೂ ಗಂಡ ಅಥವಾ ಹೆಂಡತಿ ಯಾರಾದರೂ ಕೇಳಬಹುದು. ಮದುವೆಯ ಸಮಯದಲ್ಲಿ ಉಡುಗೊರೆಯಾಗಿ ಬಂದು ಇಬ್ಬರಿಗೂ ಸೇರಿರುವ ಆಸ್ತಿಯ ಇತ್ಯರ್ಥವನ್ನು 27ನೆಯ ಕಲಮು ಹೇಳುತ್ತದೆ. ವಿಶೇಷ ವಿವಾಹ ಕಾಯ್ದೆ, 1954 ಮತ್ತು ಕ್ರೈಸ್ತರಿಗೆ ಅನ್ವಯಿಸುವ ವಿಚ್ಛೇದನ ಕಾಯ್ದೆ, 1869 ಇವುಗಳಲ್ಲಿ 37ನೆಯ ಕಲಮು ಶಾಶ್ವತ ಜೀವನಾಂಶಕ್ಕೆ ಸಂಬಂಧಿಸಿದೆ. ಮುಸ್ಲಿಂ ಮಹಿಳೆಯರ ಮೆಹರ್ ಮತ್ತು ಇತರ ಹಕ್ಕುಗಳನ್ನು 1986ರ ಕಾಯ್ದೆ ರಕ್ಷಿಸುತ್ತದೆ.

ಧರ್ಮಭೇದವಿಲ್ಲದೆ ಅನ್ವಯಿಸುವ ಮತ್ತೊಂದು ಮಾರ್ಗವೆಂದರೆ ದಂಡ ಪ್ರಕ್ರಿಯಾ ಸಂಹಿತೆ, 1973ರ 125ನೆಯ ಕಲಮು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮು ಜಾರಿಯಲ್ಲಿದೆ. ಮರುಮದುವೆಯಾಗದ ವಿಚ್ಛೇದಿತೆಯೂ ಇದರಡಿ ಅರ್ಜಿ ಸಲ್ಲಿಸಬಹುದು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರ ಅಡಿಯಲ್ಲಿ ಸ್ತ್ರೀಧನವನ್ನು ಹಿಂದಿರುಗಿಸುವ ಆದೇಶವನ್ನೂ ಹಣಕಾಸಿನ ಪರಿಹಾರವನ್ನೂ ಪಡೆಯಬಹುದು.

ಮಾಸಿಕ ಜೀವನಾಂಶದ ಬಾಕಿ

144ನೆಯ ಕಲಮಿನ ಆದೇಶವನ್ನು ಸಾಕಷ್ಟು ಕಾರಣವಿಲ್ಲದೆ ಪಾಲಿಸದಿದ್ದರೆ ನ್ಯಾಯಾಲಯವು ವಾರಂಟು ಹೊರಡಿಸಿ ಬಾಕಿಯನ್ನು ವಸೂಲು ಮಾಡಬಹುದು. ಆ ಬಳಿಕವೂ ಉಳಿದ ಬಾಕಿಗಾಗಿ, ಪ್ರತಿ ತಿಂಗಳ ಮೊತ್ತಕ್ಕೆ ಒಂದು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಸೆರೆವಾಸ ಅನುಭವಿಸಿದರೆ ಬಾಕಿ ತೀರಿತು ಎಂಬ ನಂಬಿಕೆ ಜನರಲ್ಲಿದೆ, ಅದು ತಪ್ಪು. ಸೆರೆವಾಸವು ಪಾವತಿಗೆ ಒತ್ತಾಯಿಸುವ ಉಪಾಯವೇ ಹೊರತು ಪಾವತಿಗೆ ಬದಲಿಯಲ್ಲ ಎಂದು ಕುಲದೀಪ್ ಕೌರ್ ವಿರುದ್ಧ ಸುರಿಂದರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಈ ವಾರಂಟಿಗಾಗಿ ಮೊತ್ತವು ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಮಾಜಿ ಸಂಗಾತಿಯ ‘ಮುಂದಿನ ತಿಂಗಳು ಕೊಡುತ್ತೇನೆ’ ಎಂಬ ಮಾತನ್ನು ನಂಬಿ ವರ್ಷಗಳನ್ನು ಕಳೆದವರು ಈ ಸುಲಭ ಮಾರ್ಗವನ್ನು ಕಳೆದುಕೊಳ್ಳುತ್ತಾರೆ.

ಡಿಕ್ರಿಯ ಅಮಲ್ಜಾರಿ

ಹಿಂದೂ ವಿವಾಹ ಕಾಯ್ದೆಯ 28ಎ ಕಲಮು ಮತ್ತು ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ, 1984ರ 18ನೆಯ ಕಲಮಿನ ಪ್ರಕಾರ ವಿಚ್ಛೇದನದ ಡಿಕ್ರಿಯನ್ನು ಸಿವಿಲ್ ಡಿಕ್ರಿಯಂತೆಯೇ ಜಾರಿಗೊಳಿಸಬಹುದು. ಇದರ ವಿಧಾನವು ಸಿವಿಲ್ ಪ್ರಕ್ರಿಯಾ ಸಂಹಿತೆ, 1908ರ 21ನೆಯ ಆದೇಶದಲ್ಲಿದೆ. ಋಣಿಯ ಆಸ್ತಿಪಾಸ್ತಿ ತಿಳಿಯದಿದ್ದರೆ, ಅದರ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸುವಂತೆ ನ್ಯಾಯಾಲಯವು ಆತನಿಗೆ ಸೂಚಿಸಬಹುದು. ಮುಖ್ಯ ಉಪಾಯಗಳು ಹೀಗಿವೆ:

ಸಂಬಳದ ಜಪ್ತಿ: ಸಾಮಾನ್ಯ ಸಾಲದ ಡಿಕ್ರಿಯಲ್ಲಿ ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದುದರ ಮೂರನೆಯ ಎರಡು ಭಾಗ ಜಪ್ತಿಗೆ ಒಳಪಡುವುದಿಲ್ಲ. ಜೀವನಾಂಶದ ಡಿಕ್ರಿಯಲ್ಲಾದರೋ ಮೂರನೆಯ ಒಂದು ಭಾಗಕ್ಕೆ ಮಾತ್ರ ಈ ರಕ್ಷಣೆ ಇದೆ. ನ್ಯಾಯಾಲಯದ ಆದೇಶದಂತೆ ಉದ್ಯೋಗದಾತರೇ ಸಂಬಳದಿಂದ ಹಣ ಕಡಿತ ಮಾಡುತ್ತಾರೆ. ಭವಿಷ್ಯನಿಧಿಗೆ ಜಪ್ತಿಯಿಂದ ವಿನಾಯಿತಿ ಇದೆ.

ಮೂರನೆಯವರಿಂದ ಬರಬೇಕಾದ ಹಣ: ಬ್ಯಾಂಕು ಖಾತೆಯ ಹಣವನ್ನೂ ಇತರರಿಂದ ಋಣಿಗೆ ಸಲ್ಲಬೇಕಾದ ಹಣವನ್ನೂ ಜಪ್ತಿ ಮಾಡಿ, ಅದನ್ನು ನ್ಯಾಯಾಲಯದಲ್ಲಿ ಕಟ್ಟುವಂತೆ ಅವರಿಗೇ ನೋಟಿಸು ಕೊಡಿಸಬಹುದು.

ಸ್ಥಿರಾಸ್ತಿಯ ಜಪ್ತಿ ಮತ್ತು ಹರಾಜು: ಜಪ್ತಿಯ ನಂತರ ಡಿಕ್ರಿದಾರರ ಹಕ್ಕಿಗೆ ವಿರುದ್ಧವಾಗಿ ಋಣಿಯು ಖಾಸಗಿಯಾಗಿ ಮಾಡುವ ಮಾರಾಟ ಊರ್ಜಿತವಾಗುವುದಿಲ್ಲ. ನಿವೇಶನ ಅಥವಾ ಮನೆಯನ್ನು ಬರೆದುಕೊಡಬೇಕೆಂಬ ಡಿಕ್ರಿಯಿದ್ದೂ ಋಣಿಯು ಸಹಿ ಮಾಡದಿದ್ದರೆ ಆತನ ಪರವಾಗಿ ನ್ಯಾಯಾಲಯವೇ ಪತ್ರವನ್ನು ಬರೆದುಕೊಡಬಹುದು.

ಸಿವಿಲ್ ಬಂಧನ: ಬಾಕಿ 5,000 ರೂಪಾಯಿ ಮೀರಿದ್ದರೆ ಮೂರು ತಿಂಗಳವರೆಗೆ ಸಿವಿಲ್ ಸೆರೆಮನೆಯಲ್ಲಿ ಇರಿಸಬಹುದು. ಹಣದ ಡಿಕ್ರಿಗಾಗಿ ಮಹಿಳೆಯನ್ನು ಬಂಧಿಸುವಂತಿಲ್ಲ. ಬಂಧಿಯ ಊಟದ ಭತ್ಯೆಯನ್ನು ಡಿಕ್ರಿದಾರರೇ ಮುಂಗಡವಾಗಿ ಕಟ್ಟಬೇಕು.

ಕೊಡಲಾರದವನು ಮತ್ತು ಕೊಡದವನು

ಶಕ್ತಿಯಿದ್ದೂ ಕೊಡದಿರುವುದು ಬೇರೆ, ನಿಜಕ್ಕೂ ಕೊಡಲಾಗದಿರುವುದು ಬೇರೆ. ಕೇವಲ ಬಡತನದ ಕಾರಣಕ್ಕೆ ಋಣಿಯನ್ನು ಸೆರೆಯಲ್ಲಿಡುವುದು ನ್ಯಾಯವಲ್ಲವೆಂದು ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ (1980) ಸುಪ್ರೀಂ ಕೋರ್ಟ್ ಹೇಳಿತು. ಪರಿಸ್ಥಿತಿ ಬದಲಾಗಿದ್ದರೆ 25ನೆಯ ಕಲಮಿನ ಅಡಿಯಲ್ಲಿ ಆದೇಶದ ಮಾರ್ಪಾಡನ್ನು ಕೋರಲು ಋಣಿಗೆ ಅವಕಾಶವಿದೆ. ಮಾರ್ಪಾಡು ಆಗುವವರೆಗೆ ಹಳೆಯ ಆದೇಶವೇ ಜಾರಿಯಲ್ಲಿರುತ್ತದೆ. ಆದಾಯವನ್ನು ಮರೆಮಾಚುವುದನ್ನು ತಡೆಯಲು, ಇಬ್ಬರೂ ತಮ್ಮ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ (2020) ಸುಪ್ರೀಂ ಕೋರ್ಟ್ ನಿರ್ದೇಶಿಸಿತು. ಜೀವನಾಂಶವು ಅರ್ಜಿ ಸಲ್ಲಿಸಿದ ದಿನದಿಂದಲೇ ಸಲ್ಲಬೇಕೆಂಬುದೂ ಅದೇ ತೀರ್ಪಿನಲ್ಲಿದೆ.

ಕಾಲಮಿತಿ ಮತ್ತು ಬಡ್ಡಿ

ಹಣ ಅಥವಾ ಆಸ್ತಿಯ ಡಿಕ್ರಿಯ ಅಮಲ್ಜಾರಿಗೆ ಕಾಲಮಿತಿ ಕಾಯ್ದೆ, 1963ರ ಪ್ರಕಾರ 12 ವರ್ಷಗಳ ಅವಧಿ ಇದೆ. ಕಂತಿನ ಪಾವತಿಯಾದರೆ ಆಯಾ ಕಂತು ತಪ್ಪಿದ ದಿನದಿಂದ ಎಣಿಕೆ ಆರಂಭವಾಗುತ್ತದೆ. ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳೊಳಗೆ ಮುಗಿಸಬೇಕು, ತಡವಾದರೆ ಕಾರಣ ದಾಖಲಿಸಬೇಕು ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿದೆ. ಈ ಸೂಚನೆ ಬಂದ ರಾಹುಲ್ ಶಾ ಪ್ರಕರಣವು ಬೆಂಗಳೂರಿನ ಆಸ್ತಿಯೊಂದರ ದೀರ್ಘಕಾಲದ ವ್ಯಾಜ್ಯದಿಂದ ಹುಟ್ಟಿದ್ದು.

ಹಣದ ಡಿಕ್ರಿಯಲ್ಲಿ ಮುಂದಿನ ಬಡ್ಡಿಯ ಮಾತೇ ಇಲ್ಲದಿದ್ದರೆ ನ್ಯಾಯಾಲಯವು ಬಡ್ಡಿಯನ್ನು ನಿರಾಕರಿಸಿದೆಯೆಂದೇ ಭಾವಿಸಲಾಗುತ್ತದೆ. ಆಗ ವಿಳಂಬದ ಲಾಭವೆಲ್ಲ ಋಣಿಗೇ ಸೇರುತ್ತದೆ.

ರಾಜಿ ಪತ್ರದಲ್ಲಿ ಮುನ್ನೆಚ್ಚರಿಕೆ

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಎರಡು ಹಂತದ ಮನವಿಗಳಿರುತ್ತವೆ. ಡಿಕ್ರಿ ಆಗುವವರೆಗೆ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದಾದ್ದರಿಂದ, ಅಲ್ಲಿಯವರೆಗೆ ಹಣ ಕೊಡಬೇಕಾದವರ ಮೇಲೆ ಸಹಜವಾದ ಒತ್ತಡವಿರುತ್ತದೆ. ಡಿಕ್ರಿಯಾದ ಮೇಲೆ ಆ ಒತ್ತಡ ಸಡಿಲಗೊಳ್ಳುತ್ತದೆ. ವಿಳಂಬದ ಬಹುಪಾಲು ತೊಂದರೆಗಳು ಕಂತುಗಳನ್ನು ಡಿಕ್ರಿಯ ನಂತರಕ್ಕೆ ಬಿಡುವುದರಿಂದ ಉಂಟಾಗುತ್ತವೆ. ಆದುದರಿಂದ ರಾಜಿ ಪತ್ರದಲ್ಲಿ ಈ ಅಂಶಗಳನ್ನು ಸೇರಿಸುವುದು ರೂಢಿ:

1. ಮೊತ್ತದ ದೊಡ್ಡ ಭಾಗವನ್ನು ಎರಡನೆಯ ಮನವಿಯ ದಿನವೇ ನ್ಯಾಯಾಲಯದಲ್ಲಿ ಡಿಮ್ಯಾಂಡ್ ಡ್ರಾಫ್ಟ್ ಮೂಲಕ ಕೊಡುವುದು.
2. ಪ್ರತಿ ಕಂತಿನ ಮೊತ್ತ, ದಿನಾಂಕ ಮತ್ತು ತಡವಾದರೆ ತೆರಬೇಕಾದ ಬಡ್ಡಿಯನ್ನು ನಮೂದಿಸುವುದು.
3. ಒಂದು ಕಂತು ತಪ್ಪಿದರೂ ಉಳಿದ ಮೊತ್ತವೆಲ್ಲ ಒಮ್ಮೆಲೇ ಸಲ್ಲಬೇಕೆಂಬ ಷರತ್ತು.
4. ನಿರ್ದಿಷ್ಟ ಸರ್ವೆ ನಂಬರಿನ ಜಮೀನು ಅಥವಾ ಮನೆಯ ಮೇಲೆ ಬಾಕಿಯ ಹೊಣೆಯನ್ನು ಹೊರಿಸುವುದು. 25ನೆಯ ಕಲಮು ಇದಕ್ಕೆ ಸ್ಪಷ್ಟ ಅವಕಾಶ ನೀಡಿದೆ.

ಹಣ ಕೊಡುವವರಿಗೂ ಒಂದು ಎಚ್ಚರಿಕೆ ಅಗತ್ಯ. ಡಿಕ್ರಿಯ ನಂತರ ನ್ಯಾಯಾಲಯದ ಹೊರಗೆ ಕೊಟ್ಟ ಹಣವನ್ನು ನ್ಯಾಯಾಲಯದಲ್ಲಿ ದಾಖಲಿಸದಿದ್ದರೆ ಅಮಲ್ಜಾರಿ ನ್ಯಾಯಾಲಯವು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಬ್ಬಕ್ಕೆ, ಆಸ್ಪತ್ರೆಗೆ ಎಂದು ಕೈಯಲ್ಲಿ ಕೊಟ್ಟ ನಗದಿನಿಂದ ವ್ಯಾಜ್ಯಗಳು ಹೆಚ್ಚುತ್ತವೆ.

ಹಾವೇರಿ ಜಿಲ್ಲೆಯ ಸಂದರ್ಭ

1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳು ಮೆಕ್ಕೆಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುವ ಪ್ರದೇಶಗಳು. ಇಲ್ಲಿನ ಕೃಷಿಕರಿಗೆ ತಿಂಗಳ ಸಂಬಳವಿಲ್ಲ. ಸುಗ್ಗಿಯ ಕಾಲದಲ್ಲಿ ಮಾತ್ರ ಹಣ ಬರುತ್ತದೆ. ಇಂತಹ ಕುಟುಂಬಗಳ ರಾಜಿಯಲ್ಲಿ ಕಂತುಗಳನ್ನು ಸುಗ್ಗಿಗೆ ಹೊಂದಿಸಿದರೆ ಪಾವತಿ ಸುಗಮವಾಗುತ್ತದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮಾರಿದ ಋಣಿಗೆ ವರ್ತಕರಿಂದ ಬರಬೇಕಾದ ಹಣವು ಮೇಲೆ ಹೇಳಿದ ‘ಮೂರನೆಯವರಿಂದ ಬರಬೇಕಾದ ಹಣ’ಕ್ಕೆ ಉದಾಹರಣೆ.

ಜಮೀನು ಜಪ್ತಿಯ ಆದೇಶವನ್ನು ಡಂಗುರ ಸಾರಿ ಅಥವಾ ರೂಢಿಯ ಬೇರೆ ವಿಧಾನದಿಂದ ಸ್ಥಳದಲ್ಲಿ ಪ್ರಕಟಿಸಬೇಕು. ಮಾಲತೇಶ ದೇವಾಲಯ ಮತ್ತು ಕಾರಣಿಕಕ್ಕೆ ಹೆಸರಾದ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಜಮೀನಿದ್ದರೆ, ಆದೇಶದ ಪ್ರತಿಯನ್ನು ಜಮೀನಿನಲ್ಲಿ, ನ್ಯಾಯಾಲಯದಲ್ಲಿ, ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಮತ್ತು ಕಂದಾಯದ ಭೂಮಿಯಾದ್ದರಿಂದ ಹಾವೇರಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿಯೂ ಅಂಟಿಸಬೇಕಾಗುತ್ತದೆ. ಕೃಷಿಕನ ವಾಸದ ಮನೆ, ಬೇಸಾಯದ ಸಲಕರಣೆ, ಅಗತ್ಯವಾದ ದನಕರು ಮತ್ತು ಬಿತ್ತನೆ ಬೀಜಕ್ಕೆ ಜಪ್ತಿಯಿಂದ ವಿನಾಯಿತಿ ಇದೆ, ಹೊಲಕ್ಕೆ ಇಲ್ಲ. ತಂದೆಯ ಸ್ವಯಾರ್ಜಿತ ಹೊಲವನ್ನು ಮಗನ ಬಾಕಿಗಾಗಿ ಜಪ್ತಿ ಮಾಡಲಾಗದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗಿರುವ ಅವಿಭಕ್ತ ಹಿಸ್ಸೆಯನ್ನು ಜಪ್ತಿ ಮಾಡಬಹುದು. ಹೀಗಾಗಿ ಅರ್ಜಿಗೆ ಮೊದಲು ಪಹಣಿಯನ್ನೂ ಉಪನೋಂದಣಿ ಕಚೇರಿಯ ಋಣಭಾರ ಪ್ರಮಾಣಪತ್ರವನ್ನೂ ಪಡೆಯುವುದು ಅವಶ್ಯಕ.

ಉತ್ತರ ಕರ್ನಾಟಕದ ಕೆಲವು ಸಮುದಾಯಗಳಲ್ಲಿ ಹಿರಿಯರ ಸಮಕ್ಷಮದಲ್ಲಿ ಸೋಡಪತ್ರ ಬರೆದು ದಾಂಪತ್ಯ ಮುಗಿಸುವ ರೂಢಿ ಇತ್ತು. ರೂಢಿಗತ ವಿಚ್ಛೇದನವನ್ನು ಹಿಂದೂ ವಿವಾಹ ಕಾಯ್ದೆಯ 29ನೆಯ ಕಲಮು ಉಳಿಸಿದೆ. ಆದರೆ ರೂಢಿಯನ್ನು ಸಾಬೀತುಪಡಿಸಬೇಕು. ಪಂಚರ ಕಾಗದವು ಡಿಕ್ರಿಯಲ್ಲ. ಅದರಲ್ಲಿ ಬರೆದ ಹಣ ಬಾರದಿದ್ದರೆ ನೇರವಾಗಿ ಅಮಲ್ಜಾರಿಗೆ ಹೋಗಲಾಗದು. ಮೊದಲು ದಾವೆ ಹೂಡಬೇಕು.

ಕಾನೂನು ನೆರವು

ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ 12ನೆಯ ಕಲಮಿನ ಪ್ರಕಾರ ಎಲ್ಲ ಮಹಿಳೆಯರೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಮತ್ತು ತಾಲ್ಲೂಕು ಸಮಿತಿಗಳಲ್ಲಿ ಇದಕ್ಕೆ ಅರ್ಜಿ ಸಲ್ಲಿಸಬಹುದು. ಲೋಕ ಅದಾಲತ್ತಿನಲ್ಲಿ ಆದ ರಾಜಿಯ ಐತೀರ್ಪಿಗೆ ಸಿವಿಲ್ ಡಿಕ್ರಿಯ ಮಾನ್ಯತೆಯಿದ್ದು, ಅದರ ವಿರುದ್ಧ ಮೇಲ್ಮನವಿ ಇಲ್ಲ. ಹಾವೇರಿ ಜಿಲ್ಲೆಯ ಪ್ರಕರಣಗಳಲ್ಲಿ ಉಚ್ಚ ನ್ಯಾಯಾಲಯದ ಧಾರವಾಡ ಪೀಠವನ್ನು ಸಂಪರ್ಕಿಸಬೇಕು. 2013ರಿಂದ ಅದು ಕಾಯಂ ಪೀಠವಾಗಿದೆ.