ಹಳೆಯ ಕಾರಿನ ಸದ್ದು, ಕಾವು ಮತ್ತು ದುರಸ್ತಿ ಖಾತೆ

ನಮ್ಮ ಜಿಲ್ಲೆಯ ವ್ಯಾಪಾರಕ್ಕೂ ಹಳೆಯ ಕಾರಿಗೂ ನಿಕಟವಾದ ಸಂಬಂಧವಿದೆ. ಚನ್ನರಾಯಪಟ್ಟಣದ ತೆಂಗಿನಕಾಯಿ ವರ್ತಕರಿರಲಿ, ಅರಕಲಗೂಡು ಕಡೆಯ ತಂಬಾಕು ಹಾಗೂ ಆಲೂಗೆಡ್ಡೆ ವ್ಯವಹಾರಸ್ಥರಿರಲಿ, ಹೊಳೆನರಸೀಪುರದ ಕಿರಾಣಿ ವ್ಯಾಪಾರಿಗಳಿರಲಿ, ಹಾಸನದ ಸಣ್ಣ ಕೈಗಾರಿಕೆಗಳ ಮಾಲೀಕರಿರಲಿ, ಅನೇಕರು ಮೊದಲು ಕೊಳ್ಳುವುದು ಸೆಕೆಂಡ್ ಹ್ಯಾಂಡ್ ಕಾರನ್ನೇ. ಹೊಸ ಕಾರಿಗೆ ಹಾಕಬೇಕಾದ ಬಂಡವಾಳವನ್ನು ಸರಕಿಗೋ ಯಂತ್ರಕ್ಕೋ ಹಾಕಿದರೆ ಅದು ದುಡಿಯುತ್ತದೆ ಎಂಬುದು ಇದರ ಹಿಂದಿನ ತರ್ಕ. ತರ್ಕವೇನೋ ಸರಿಯಾಗಿದೆ. ಆದರೆ ಹಳೆಯ ಕಾರಿನ ನಿಜವಾದ ಬೆಲೆ ಕೊಂಡ ದಿನದ ಮೊತ್ತವಲ್ಲ. ಆ ಮೊತ್ತಕ್ಕೆ ಮುಂದಿನ ಮೂರು ವರ್ಷಗಳ ದುರಸ್ತಿ ಖರ್ಚನ್ನು ಕೂಡಿಸಿದಾಗ ಬರುವ ಮೊತ್ತ.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಅದೇ ವರ್ಷ ಅಂಬಾಸಿಡರ್ ತಯಾರಿಕೆಯೂ ಕೊನೆಗೊಂಡಿತು. ಓಮ್ನಿ 2019ರಲ್ಲಿ ನಿಂತಿತು. ತಯಾರಿಕೆ ನಿಂತರೂ ಓಡಾಟ ನಿಂತಿಲ್ಲ. ಇಂತಹ ವಾಹನಗಳ ಮಾಲೀಕರು ಮೆಕ್ಯಾನಿಕ್ ಆಗಬೇಕಿಲ್ಲ. ಆದರೆ ಕಾರು ತೋರಿಸುವ ಲಕ್ಷಣವನ್ನು ಗುರುತಿಸಿ, ಮೆಕ್ಯಾನಿಕ್‌ಗೆ ಸರಿಯಾಗಿ ಹೇಳುವಷ್ಟು ತಿಳಿವಳಿಕೆ ಅವರಿಗೆ ಅವಶ್ಯಕ. ಈ ಲೇಖನದ ಉದ್ದೇಶ ಅಷ್ಟೇ.

ಕಾವೇರುವುದು ಏಕೆ?

ಇಂಜಿನ್ ಒಳಗೆ ಇಂಧನ ಉರಿದಾಗ ಹುಟ್ಟುವ ಶಾಖದಲ್ಲಿ ದೊಡ್ಡ ಪಾಲನ್ನು ಕೂಲೆಂಟ್ ಹೊತ್ತೊಯ್ದು ರೇಡಿಯೇಟರಿನಲ್ಲಿ ಗಾಳಿಗೆ ಬಿಡಬೇಕು. ವಾಟರ್ ಪಂಪ್ ಅದನ್ನು ತಿರುಗಿಸುತ್ತದೆ, ಥರ್ಮೋಸ್ಟಾಟ್ ದಾರಿ ತೆರೆಯುತ್ತದೆ, ಫ್ಯಾನ್ ಗಾಳಿ ಎಳೆಯುತ್ತದೆ, ಮುಚ್ಚಳ ಒತ್ತಡವನ್ನು ಹಿಡಿದಿಡುತ್ತದೆ. ಹಾಸನ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಪ್ರೆಷರ್ ಕುಕ್ಕರಿನ ತತ್ವದಂತೆ ರೇಡಿಯೇಟರ್ ಮುಚ್ಚಳವು ಒತ್ತಡ ಹೆಚ್ಚಿಸಿ ಕುದಿಯುವ ಬಿಂದುವನ್ನು ಮೇಲೇರಿಸುತ್ತದೆ. ಅದರ ರಬ್ಬರ್ ಸೀಲ್ ಸವೆದರೆ ಉಳಿದೆಲ್ಲ ಭಾಗಗಳು ಸರಿಯಾಗಿದ್ದರೂ ನೀರು ಬೇಗ ಕುದಿದು ಹೊರಚೆಲ್ಲುತ್ತದೆ. ಅಲ್ಪ ಬೆಲೆಯ ಈ ಮುಚ್ಚಳವನ್ನು ಪರೀಕ್ಷಿಸದೆ ರೇಡಿಯೇಟರನ್ನೇ ಬದಲಾಯಿಸುವುದು ಜಾಣತನವಲ್ಲ.

ಯಾವಾಗ ಕಾವೇರುತ್ತದೆ ಎಂಬುದನ್ನು ಗಮನಿಸಿದರೆ ಅರ್ಧ ಪತ್ತೆ ಮುಗಿದಂತೆಯೇ.

ಊರೊಳಗಿನ ದಟ್ಟಣೆಯಲ್ಲಿ ನಿಂತಾಗ ಮುಳ್ಳು ಮೇಲೇರಿ, ರಸ್ತೆಗೆ ಬಿದ್ದೊಡನೆ ಇಳಿಯುವುದಾದರೆ ಫ್ಯಾನಿನ ಮೇಲೆ ಸಂಶಯಪಡಬೇಕು. ವಿದ್ಯುತ್ ಫ್ಯಾನ್ ಆಗಿದ್ದರೆ ಫ್ಯೂಸ್, ರಿಲೇ, ಸ್ವಿಚ್, ಮೋಟಾರ್ ಈ ಕ್ರಮದಲ್ಲಿ ಪರೀಕ್ಷಿಸಬೇಕು.

ಊರೊಳಗೆ ಸರಿಯಾಗಿದ್ದು, ಮಂಗಳೂರಿನಿಂದ ಮರಳುವಾಗ ಶಿರಾಡಿ ಘಾಟಿಯ ಏರಿನಲ್ಲಿ ಕಾವೇರುವುದಾದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು ಅಥವಾ ವಾಟರ್ ಪಂಪ್ ದುರ್ಬಲವಾಗಿರಬಹುದು. ವರ್ಷಗಟ್ಟಲೆ ಬೋರ್‌ವೆಲ್ ನೀರನ್ನೇ ತುಂಬಿಸಿದ ಕಾರುಗಳಲ್ಲಿ ಇದು ಸಾಮಾನ್ಯ. ಗಡಸು ನೀರಿನ ಲವಣವು ಸ್ನಾನದ ಮನೆಯ ಹಂಡೆಯಲ್ಲಿ ಕಟ್ಟುವಂತೆಯೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ.

ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಗಳಲ್ಲಿ ಮುಳ್ಳು ಕೆಂಪು ಗೆರೆ ಮುಟ್ಟಿದರೆ ಕೂಲೆಂಟ್ ತೀರ ಕಡಿಮೆಯಾಗಿರುವ, ಥರ್ಮೋಸ್ಟಾಟ್ ಮುಚ್ಚಿದ ಸ್ಥಿತಿಯಲ್ಲೇ ಸಿಲುಕಿರುವ ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಇದೆ.

ಇವುಗಳಲ್ಲಿ ಹೆಡ್ ಗ್ಯಾಸ್ಕೆಟ್ ಅತ್ಯಂತ ದುಬಾರಿಯಾದುದು. ಅದರ ಗುರುತುಗಳು ನಾಲ್ಕು: ಹೊರಗೆ ಎಲ್ಲಿಯೂ ಸೋರದೆ ನೀರು ಕಡಿಮೆಯಾಗುವುದು, ಇಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಲೇ ಇರುವುದು, ಇಂಜಿನ್ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗುವುದು, ರೇಡಿಯೇಟರಿನಲ್ಲಿ ಎಡೆಬಿಡದೆ ಗುಳ್ಳೆಗಳೇಳುವುದು. ಇವುಗಳಲ್ಲಿ ಯಾವುದನ್ನು ಕಂಡರೂ ಕಾರನ್ನು ಓಡಿಸದೆ ಗ್ಯಾರೇಜಿಗೆ ಎಳೆಸುವುದು ಕ್ಷೇಮ. ಅನೇಕ ಕಾರುಗಳಲ್ಲಿ ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು. ಅತಿಯಾದ ಕಾವಿಗೆ ಅದು ಬಾಗುತ್ತದೆ. ಆಗ ಗ್ಯಾಸ್ಕೆಟ್ ಮಾತ್ರ ಬದಲಾಯಿಸಿದರೆ ಸಾಲದು, ಹೆಡ್ಡನ್ನು ಲೇತ್ ಅಂಗಡಿಗೆ ಒಯ್ದು ಸಮತಲ ಮಾಡಿಸಬೇಕಾಗುತ್ತದೆ.

ಸದ್ದುಗಳು ಹೇಳುವುದೇನು?

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೀರಲು ಸದ್ದು ಬಂದರೆ ಬೆಲ್ಟ್ ಸಡಿಲವಾಗಿದೆ ಅಥವಾ ಸವೆದಿದೆ. ಕೆಲವು ಕಾರುಗಳಲ್ಲಿ ಇದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುವುದರಿಂದ ಈ ಸದ್ದು ಮುಂಬರುವ ಕಾವಿನ ಮುನ್ಸೂಚನೆಯೂ ಹೌದು. ಇಂಜಿನ್ ಮುಂಭಾಗದಿಂದ ಗರಗರ ಸದ್ದು ಬಂದು, ಪಂಪಿನ ಕೆಳಗೆ ನೀರಿನ ಕಲೆ ಕಂಡರೆ ಪಂಪಿನ ಬೇರಿಂಗ್ ಹೋಗುತ್ತಿದೆ ಎಂದರ್ಥ. ಸದ್ದು ಮತ್ತು ಕಾವು ಎರಡು ಪ್ರತ್ಯೇಕ ರೋಗಗಳೆಂದು ಭಾವಿಸಿ ಎರಡು ಗ್ಯಾರೇಜುಗಳಿಗೆ ಅಲೆದಾಡುವವರಿದ್ದಾರೆ. ಹಲವು ಸಂದರ್ಭಗಳಲ್ಲಿ ಮೂಲ ಒಂದೇ ಆಗಿರುತ್ತದೆ.

ಇಂಜಿನ್ ಮೇಲ್ಭಾಗದ ಟಿಕ್ ಟಿಕ್ ಸದ್ದು ಟ್ಯಾಪೆಟ್ ಸೆಟ್ಟಿಂಗ್ ತಪ್ಪಿರುವುದನ್ನು ಅಥವಾ ಆಯಿಲ್ ಕಡಿಮೆಯಾಗಿರುವುದನ್ನು ಸೂಚಿಸುತ್ತದೆ. ಮೊದಲು ಡಿಪ್‌ಸ್ಟಿಕ್ ತೆಗೆದು ನೋಡಬೇಕು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಪೆಟ್ರೋಲ್ ಇಂಜಿನ್ ಕಿಣಿಕಿಣಿ ಎಂದರೆ ಇಂಧನ ಅಕಾಲದಲ್ಲಿ ಉರಿಯುತ್ತಿದೆ. ಕಾವು ಹೆಚ್ಚಿದಂತೆ ಇದೂ ಹೆಚ್ಚುತ್ತದೆ. ಕೆಳಗಿನಿಂದ ಸುತ್ತಿಗೆಯ ಪೆಟ್ಟಿನಂತಹ ಗಟ್ಟಿ ಸದ್ದು ಬಂದರೆ ಬೇರಿಂಗ್ ಸವೆದಿರುವ ಸಂಭವವಿದೆ. ತಕ್ಷಣ ಇಂಜಿನ್ ನಿಲ್ಲಿಸಬೇಕು.

ಚಕ್ರಗಳ ಸದ್ದು ಬೇರೆ. ವೇಗ ಹೆಚ್ಚಿದಂತೆ ಹೆಚ್ಚುವ ಹೂಂಕಾರ ವೀಲ್ ಬೇರಿಂಗಿನದು. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಬರುವ ಕಟಕಟ ಸದ್ದು ಆಕ್ಸಲ್ ಜಾಯಿಂಟಿನದು. ಹಂಪ್ ಮೇಲಿನ ದಡ್ ಎಂಬ ಸದ್ದು ಸಸ್ಪೆನ್ಷನ್ ಬುಷ್‌ಗಳದು. ಬ್ರೇಕ್ ಒತ್ತಿದಾಗ ಲೋಹ ಉಜ್ಜುವ ಸದ್ದು ಪ್ಯಾಡ್‌ಗಳದು. ಈ ಕೊನೆಯದನ್ನು ಒಂದು ದಿನವೂ ಮುಂದೂಡಬಾರದು.

ದಾರಿಯಲ್ಲಿ ಕಾವೇರಿದರೆ

ಎ.ಸಿ. ಆರಿಸಿ, ಹೀಟರ್ ಇದ್ದಲ್ಲಿ ಪೂರ್ಣ ಹಾಕಬೇಕು. ಅದು ಇಂಜಿನ್ ಶಾಖವನ್ನು ಸ್ವಲ್ಪ ಸೆಳೆಯುತ್ತದೆ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಇಂಜಿನ್ ಆರಿಸಬೇಕು. ಬಿಸಿ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು. ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಕನಿಷ್ಠ ಅರ್ಧ ಗಂಟೆಯಾದರೂ ತಣಿಯಲು ಬಿಡಬೇಕು. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡಬಹುದು. "ಇನ್ನು ಹತ್ತೇ ಕಿಲೋಮೀಟರ್, ಊರು ಸೇರಿಬಿಡೋಣ" ಎಂಬ ಆತುರವೇ ಸಣ್ಣ ದುರಸ್ತಿಯನ್ನು ಇಂಜಿನ್ ಸೀಜ್ ಆಗುವ ಹಂತಕ್ಕೆ ಒಯ್ಯುತ್ತದೆ. ಸಾಮಾನ್ಯ ವಿಮಾ ಪಾಲಿಸಿಯು ಸವೆತವನ್ನಾಗಲೀ ಯಾಂತ್ರಿಕ ವೈಫಲ್ಯವನ್ನಾಗಲೀ ಭರಿಸುವುದಿಲ್ಲ ಎಂಬುದನ್ನು ಸದಸ್ಯರು ನೆನಪಿನಲ್ಲಿಡಬೇಕು.

ಖಾತೆಯೂ ಒಂದು ರೋಗಪತ್ತೆ ಸಾಧನ

ಲೆಕ್ಕ ಪರಿಶೋಧನೆಯ ವೇಳೆ "ವಾಹನ ದುರಸ್ತಿ" ಎಂಬ ಶೀರ್ಷಿಕೆಯಡಿ ವರ್ಷದ ಒಟ್ಟು ಮೊತ್ತ ಮಾತ್ರ ಕಾಣುವುದು ವಾಡಿಕೆ. ಅದನ್ನೇ ದಿನಾಂಕ, ಓಡಿದ ಕಿಲೋಮೀಟರ್, ಲಕ್ಷಣ, ಬದಲಾಯಿಸಿದ ಭಾಗ, ಮೊತ್ತ ಎಂಬ ಐದು ಕಾಲಂಗಳಲ್ಲಿ ಬರೆದಿಟ್ಟರೆ ಕಾರಿನ ಆರೋಗ್ಯ ತಾನಾಗಿ ಬಯಲಾಗುತ್ತದೆ. ಜೂನ್‌ನಲ್ಲಿ ಕೂಲೆಂಟ್, ಆಗಸ್ಟ್‌ನಲ್ಲಿ ಹೋಸ್ ಪೈಪ್, ಅಕ್ಟೋಬರ್‌ನಲ್ಲಿ ಮತ್ತೆ ಕೂಲೆಂಟ್ ಎಂದಿದ್ದರೆ ಅವು ಮೂರು ಖರ್ಚುಗಳಲ್ಲ, ಪತ್ತೆಯಾಗದ ಒಂದೇ ಸೋರಿಕೆ. ಕಡಿಮೆ ಬೆಲೆಯ ಭಾಗದಿಂದ ಆರಂಭಿಸಿ ಒಂದೊಂದನ್ನೇ ಪರೀಕ್ಷಿಸಿ, ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆಯುವ ಪದ್ಧತಿ ಒಳ್ಳೆಯದು.

ತೆರಿಗೆಯ ಕೆಲವು ಅಂಶಗಳು

ಒಂದು, ವ್ಯವಹಾರಕ್ಕೆ ಬಳಸುವ ಕಾರಿಗೆ ಶೇ. 15ರ ದರದಲ್ಲಿ ಸವಕಳಿ ದೊರೆಯುತ್ತದೆ; ಮೊದಲ ವರ್ಷ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಮನೆಯ ಬಳಕೆಯ ಪಾಲನ್ನು ಕಳೆಯಬೇಕು. ಅಂದಾಜು ಲಾಭದ ಯೋಜನೆಯಲ್ಲಿ ರಿಟರ್ನ್ ಸಲ್ಲಿಸುವವರಿಗೆ ಇದು ಪ್ರತ್ಯೇಕವಾಗಿ ಸಿಗುವುದಿಲ್ಲ.

ಎರಡು, ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ ₹10,000ಕ್ಕಿಂತ ಹೆಚ್ಚು ನಗದು ಕೊಟ್ಟು ಕಾರು ಕೊಂಡರೆ ಆ ನಗದು ಭಾಗ ಸವಕಳಿಯ ಲೆಕ್ಕಕ್ಕೆ ಬರುವುದಿಲ್ಲ. ಗ್ಯಾರೇಜಿನ ಬಿಲ್ಲಿಗೂ ಇದೇ ಮಿತಿ. ಮೀರಿದರೆ ಆ ಖರ್ಚು ಮಾನ್ಯವಾಗದು. ಸೆಕೆಂಡ್ ಹ್ಯಾಂಡ್ ಕಾರಿನ ವ್ಯವಹಾರದಲ್ಲಿ ನಗದೇ ರೂಢಿಯಾಗಿರುವುದರಿಂದ ಇದು ಗಮನಾರ್ಹ.

ಮೂರು, ಪ್ರಯಾಣಿಕ ಕಾರಿನ ದುರಸ್ತಿ ಮತ್ತು ವಿಮೆಯ ಮೇಲಿನ ಜಿ.ಎಸ್.ಟಿ.ಗೆ ಸಾಮಾನ್ಯವಾಗಿ ಹೂಡುವಳಿ ತೆರಿಗೆ ಜಮೆ ಇಲ್ಲ. ಸರಕು ವಾಹನಕ್ಕೆ ಈ ನಿರ್ಬಂಧವಿಲ್ಲ.

ನಾಲ್ಕು, ಇಂಜಿನ್ನನ್ನೇ ಬದಲಾಯಿಸಿದರೆ ಸಾರಿಗೆ ಕಚೇರಿಯ ಅನುಮತಿ ಪಡೆದು ಆರ್.ಸಿ.ಯಲ್ಲಿ ಹೊಸ ಸಂಖ್ಯೆ ನಮೂದಿಸಬೇಕು. ವಿಮಾ ಕಂಪನಿಗೂ ತಿಳಿಸಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಗಳ ನಂತರ ನವೀಕರಣವಾಗಬೇಕೆಂಬುದನ್ನೂ ದುರಸ್ತಿಗೆ ಹಣ ಹಾಕುವ ಮುನ್ನ ಯೋಚಿಸಬೇಕು.

ದುರಸ್ತಿಯೋ, ಮಾರಾಟವೋ?

ಒಂದು ಉದಾಹರಣೆ ನೋಡೋಣ. ಜಿ.ಎಸ್.ಟಿ. ನೋಂದಣಿ ಇರುವ ವರ್ತಕರೊಬ್ಬರು ₹1,60,000ಕ್ಕೆ ಕಾರು ಕೊಂಡು ಮೂರು ಪೂರ್ಣ ವರ್ಷ ಸವಕಳಿ ಪಡೆದರೆ ಪುಸ್ತಕದಲ್ಲಿ ಉಳಿಯುವ ಬೆಲೆ ₹98,260. ₹90,000ಕ್ಕೆ ಮಾರಿದರೆ ಜಿ.ಎಸ್.ಟಿ. ಇಲ್ಲ. ₹1,10,000ಕ್ಕೆ ಮಾರಿದರೆ ವ್ಯತ್ಯಾಸವಾದ ₹11,740ರ ಮೇಲೆ ಮಾತ್ರ, 2025ರ ಜನವರಿಯಿಂದ ಜಾರಿಯಲ್ಲಿರುವ ಶೇ. 18ರ ದರದಲ್ಲಿ, ಸುಮಾರು ₹2,113 ತೆರಿಗೆ. ಪೂರ್ಣ ಮಾರಾಟ ಮೊತ್ತದ ಮೇಲೆ ತೆರಿಗೆ ಬೀಳುತ್ತದೆಂದು ಹೆದರಿ ಕೆಟ್ಟ ಕಾರನ್ನು ಇಟ್ಟುಕೊಳ್ಳುವ ಅಗತ್ಯವಿಲ್ಲ.

ಪ್ರಶ್ನೆ ಇಷ್ಟೇ: ಗ್ಯಾರೇಜಿನವರು ಹೇಳಿದ ಮೊತ್ತ ಹಾಕಿದ ಮೇಲೆ ಕಾರಿನ ಮಾರುಕಟ್ಟೆ ಬೆಲೆ ಎಷ್ಟು ಏರುತ್ತದೆ, ಎಷ್ಟು ವರ್ಷದ ನಿಶ್ಚಿಂತ ಓಡಾಟ ಸಿಗುತ್ತದೆ? ಇಂಜಿನ್ ಕೆಲಸದ ಖರ್ಚು ಕಾರಿನ ಇಂದಿನ ಬೆಲೆಯ ಅರ್ಧ ದಾಟುವುದಾದರೆ, ಇದ್ದ ಸ್ಥಿತಿಯನ್ನು ಕೊಳ್ಳುವವರಿಗೆ ತಿಳಿಸಿ ಮಾರುವುದೇ ಲೇಸೆಂಬುದು ಈ ಲೇಖಕನ ಅಭಿಪ್ರಾಯ. ಸಂತೆಯ ದಿನವೋ ಹರಾಜಿನ ದಿನವೋ ಕಾರು ದಾರಿಯಲ್ಲಿ ನಿಂತು ಕೈತಪ್ಪಿದ ವ್ಯಾಪಾರ ಯಾವ ಖಾತೆಯಲ್ಲೂ ದಾಖಲಾಗುವುದಿಲ್ಲ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಗಬಾರದು. ವಾರಕ್ಕೊಮ್ಮೆ, ಇಂಜಿನ್ ತಣ್ಣಗಿರುವಾಗ, ಬಾನೆಟ್ ಎತ್ತಿ ಕೂಲೆಂಟ್, ಆಯಿಲ್, ಬೆಲ್ಟ್ ನೋಡಲು ಐದು ನಿಮಿಷ ಸಾಕು. ದಿನದ ನಗದು ಶಿಲ್ಕನ್ನು ತಪ್ಪದೆ ಎಣಿಸುವ ನಮ್ಮ ಸದಸ್ಯರಿಗೆ ಇದು ಕಷ್ಟದ ಕೆಲಸವೇನೂ ಅಲ್ಲ.